ಕರಡಿಗೆಯೊಳಗಿನ ಜಾಜಿಕಾಯಿ

ಸುಭದ್ರಾ ಲಿಂಗಾಯತಳಾದದ್ದು ಮಣಿಕೊಂಡದ ಒಂದು ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯ ಬಾಗಿಲಲ್ಲಿ, ಚಪ್ಪಲಿ ಬಿಡುವಷ್ಟು ಹೊತ್ತಿನಲ್ಲಿ. ಗುರು ಇಲ್ಲ, ದೀಕ್ಷೆ ಇಲ್ಲ. ಉಮಾಬಾಯಿ ಬಾಗಿಲು ತೆರೆದು ಅವಳನ್ನು ಮೇಲಿಂದ ಕೆಳಗೆ ನೋಡಿ, "ನಮ್ಮ ಪೈಕಿ ಏನವಾ?" ಎಂದು ಕೇಳಿದರು. ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಸುಭದ್ರಾ ಮುಂಜಾನೆಯಿಂದ ಏನೂ ತಿಂದಿರಲಿಲ್ಲ. "ಹೌದ್ರಿ ಅವ್ವಾರ, ನಿಮ್ಮ ಪೈಕಿನೇ" ಎಂದಳು. ಮುಗಿಯಿತು. ಭಾಲ್ಕಿ ತಾಲ್ಲೂಕಿನ ಹೊಲೆಯರ ಓಣಿಯಲ್ಲಿ ಹುಟ್ಟಿದವಳು ಅಷ್ಟು ಸಲೀಸಾಗಿ ಜಾತಿ ದಾಟಿದಳು. ಹೈದರಾಬಾದಿಗೆ ಬರುವುದೇ ಇದಕ್ಕಿಂತ ಕಷ್ಟವಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಿದ್ದಳು.

ಅದಕ್ಕೆ ಮುಂಚೆ ನಿಜ ಹೇಳಿಯೂ ನೋಡಿದ್ದಳು. ಒಂದು ಮನೆಯವರು, ಆಮೇಲೆ ಫೋನ್ ಮಾಡುತ್ತೇವೆ ಅಂದರು. ನಂಬರ್ ಮಾತ್ರ ಕೇಳಲಿಲ್ಲ. ಇನ್ನೊಂದು ಮನೆಯವರು, ಅಡುಗೆ ಬೇಡ, ಬಚ್ಚಲು ತೊಳಿ ಅಂದರು. ಬಚ್ಚಲಿಗೂ ಅಡುಗೆಮನೆಗೂ ನಡುವೆ ಇದ್ದದ್ದು ಬರೀ ಒಂದು ಮಾತು. ಆ ಮಾತನ್ನು ಬದಲಾಯಿಸಿಕೊಂಡಳು, ಅಷ್ಟೆ.

ಉಮಾಬಾಯಿ ಬಸವಕಲ್ಯಾಣದ ಕಡೆಯವರು. ಗಂಡ ತೀರಿದ ಮೇಲೆ ಮಗನ ಮನೆಗೆ ಬಂದವರು. ಮಗ ವಿಜಯಕುಮಾರ ಒಂದು ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದ, ಅಪಾರ್ಟ್‌ಮೆಂಟಿನ ಸಂಘಕ್ಕೂ ಅವನೇ ಸೆಕ್ರೆಟರಿ. ಸೊಸೆ ರಶ್ಮಿ ಬ್ಯಾಂಕಿಗೆ ಹೋಗುತ್ತಿದ್ದಳು. ಮೂವರಿಗೂ ಜೋಳದ ರೊಟ್ಟಿ ಇಲ್ಲದೆ ಹೊಟ್ಟೆ ತುಂಬದು, ಮೂವರಿಗೂ ರೊಟ್ಟಿ ಬಡಿಯುವುದು ಆಗದು. ಸುಭದ್ರಾಳ ರೊಟ್ಟಿ ತೆಳ್ಳಗೆ, ದುಂಡಗೆ, ಬೆಂಕಿ ತಾಗಿದೊಡನೆ ಉಬ್ಬುತ್ತಿತ್ತು. ಅದರ ಜೊತೆ ಅವಳೂ ಉಬ್ಬುತ್ತಿದ್ದಳು. "ಎಂಥಾ ಕೈಯವಾ ನಿಂದು" ಎಂದು ಉಮಾಬಾಯಿ ಒಂದು ಮಾತು ಅಂದರೆ ಆ ದಿನವೆಲ್ಲ ಅವಳಿಗೆ ಸೊಂಟ ನೋಯುತ್ತಿರಲಿಲ್ಲ. ಹೊಗಳಿಕೆಗೆ ಅಷ್ಟು ಅಗ್ಗವಾಗಿ ಸಿಗುವ ಹೆಂಗಸು.

ಉಮಾಬಾಯಿಯ ಮಾತಿನಿಂದಲೇ ಅವಳ ಗಂಡ ಅಂಬಣ್ಣನಿಗೆ ಅದೇ ಕಟ್ಟಡದಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಸೆಲ್ಲಾರಿನಲ್ಲಿ, ಕಾರುಗಳ ಹಿಂದೆ, ಒಂದು ಕೋಣೆಯೂ ಸಿಕ್ಕಿತು. ಕೆಲಸ, ಕೋಣೆ, ಊಟ ಎಲ್ಲವೂ ಈಗ ಆ ಒಂದು ಸುಳ್ಳಿನ ಮೇಲೆ ನಿಂತಿತ್ತು. ಹೀಗಾಗಿ ಅದನ್ನು ಚೆನ್ನಾಗಿ ಸಾಕಬೇಕಾಯಿತು. ಎದ್ದ ಕೂಡಲೇ ಹಣೆಗೆ ವಿಭೂತಿ. ಯಾವ ಮಠದವರು ಎಂದು ಯಾರಾದರೂ ಕೇಳಿದರೆ ಕೆಮ್ಮು. ಕೋಳಿ ತಿನ್ನಬೇಕೆನಿಸಿದರೆ ಗಂಡ ಹೆಂಡತಿ ಬಸ್ಸು ಹತ್ತಿ ಮೆಹದಿಪಟ್ನಂಗೆ ಹೋಗಿ, ತಿಂದು, ಸೋಂಪು ಅಗಿದು, ಒಬ್ಬರ ಕೈ ಒಬ್ಬರು ಮೂಸಿ ನೋಡಿ, ಕಳ್ಳರ ಹಾಗೆ ವಾಪಸ್ಸು ಬರುತ್ತಿದ್ದರು. ಬರಬರುತ್ತ ಅವಳು ಎಂಥ ಲಿಂಗಾಯತಳಾದಳೆಂದರೆ, ಕೋಳಿ ಅಂಗಡಿಯ ಮುಂದೆ ಅಂಬಣ್ಣ ನಡಿಗೆ ನಿಧಾನ ಮಾಡಿದರೆ ಅವಳಿಗೇ ಸಿಟ್ಟು ಬರುತ್ತಿತ್ತು.

ಕೊರಳಿನ ಪ್ರಶ್ನೆಯೂ ಇತ್ತು. ಇವಳು ಒಂದು ದಾರದ ತುದಿಗೆ ಬಟ್ಟೆಯ ಗಂಟು ಕಟ್ಟಿ ರವಿಕೆಯೊಳಗೆ ಬಿಟ್ಟುಕೊಂಡಳು. ಅದು ಯಾರೂ ಬಿಚ್ಚಿ ನೋಡುವ ಜಾಗವಲ್ಲ. ಅಂಬಣ್ಣನಿಗೆ ಬೇಗಂಬಜಾರಿನಿಂದ ಲಿಂಗ ಇಡುವ ಒಂದು ಕರಡಿಗೆ ತಂದಳು. ಬೆಳ್ಳಿಯದಲ್ಲ, ಬೆಳ್ಳಿ ಬಣ್ಣದ್ದು. ಖಾಲಿ ಇದ್ದರೆ ಅದು ಎದೆಯ ಮೇಲೆ ಹಗುರಾಗಿ ಕುಣಿಯುತ್ತಿತ್ತು. ಒಳಗೆ ಏನಾದರೂ ತೂಕ ಬೇಕಿತ್ತು. ಟ್ರಂಕಿನಲ್ಲಿ ಒಂದು ಜಾಜಿಕಾಯಿ ಇತ್ತು. ಮೊದಲ ಬಸುರಿನಲ್ಲಿ, ಕೂಸಿಗೆ ತೇಯ್ದು ನೆಕ್ಕಿಸಲು ಅಂತ ಕೊಂಡಿದ್ದು. ಆ ಕೂಸು ಐದನೇ ತಿಂಗಳಲ್ಲಿ ಹೋಯಿತು. ಎರಡನೆಯದೂ ಹೋಯಿತು. ಜಾಜಿಕಾಯಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದನ್ನೇ ಅರಿವೆಯಲ್ಲಿ ಸುತ್ತಿ ಕರಡಿಗೆಯೊಳಗೆ ಇಟ್ಟಳು.

"ನಮ್ಮ ದೇವ್ರು ಮಸಾಲಿ ವಾಸನಿ ಹೊಡೀತಾನಲ್ಲ" ಎಂದು ಅಂಬಣ್ಣ ನಕ್ಕ.

"ಸುಮ್ಮನ ಹಾಕ್ಕೋರಿ. ಬಾಯಿ ಮಾಡಬ್ಯಾಡ್ರಿ" ಎಂದಳು.

ಎರಡೂವರೆ ವರ್ಷ ಆ ದೇವರು ಯಾವ ತಕರಾರೂ ಇಲ್ಲದೆ ಕೆಲಸ ಮಾಡಿದ.

ಮೂರನೇ ಸಲ ಬಸುರು ನಿಂತಾಗ ಸುಭದ್ರಾ ಯಾರಿಗೂ ಹೇಳಲಿಲ್ಲ. ಹೇಳಿದರೆ ಹೋಗುತ್ತದೆ ಎಂಬ ಹೆದರಿಕೆ. ಆದರೆ ಹೊಟ್ಟೆ ತಾನೇ ಹೇಳಿತು. ಬಡವರ ಕೇರಿಯ ಬಸ್ತಿ ದವಾಖಾನೆಯ ಡಾಕ್ಟರಮ್ಮ ತೋಳಿಗೆ ಪಟ್ಟಿ ಕಟ್ಟಿ, ಗಾಳಿ ತುಂಬಿ, ಮುಖ ಗಂಟಿಕ್ಕಿದಳು. ಬಿಪಿ ಬಹಳ ಇದೆ, ಮೊದಲೆರಡೂ ಹೋಗಿವೆ, ಇದು ಅಪಾಯದ ಬಸುರು ಎಂದು ತೆಲುಗಿನಲ್ಲಿ ಹೇಳಿದಳು. ಗುಳಿಗೆ ಕೊಟ್ಟಳು. ಎಡ ಮಗ್ಗುಲಿಗೆ ಮಲಗಬೇಕು, ಉಪ್ಪು ಬಿಡಬೇಕು. "ಮೆಟ್ಲು ಎಕ್ಕೊದ್ದು" ಎಂದಳು, ಮೆಟ್ಟಿಲು ಹತ್ತಬೇಡ ಅಂತ. ತಲೆ ಸಿಡಿದರೆ, ಕಣ್ಣಲ್ಲಿ ಬೆಳಕು ಮಿಂಚಿದರೆ, ಇದ್ದಲ್ಲಿಂದ ಎದ್ದು ದೊಡ್ಡಾಸ್ಪತ್ರೆಗೆ ಓಡಿ ಬಾ ಎಂದಳು. ಸುಭದ್ರಾ ಎಲ್ಲದಕ್ಕೂ ತಲೆಯಾಡಿಸಿದಳು. ತಲೆಯಾಡಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಮೆಟ್ಟಿಲು ಬಿಡುವುದು ಹೇಗೆ? ಕಟ್ಟಡದಲ್ಲಿ ಎರಡು ಲಿಫ್ಟು. ದೊಡ್ಡದು ಮನೆಯವರಿಗೆ. ಕೆಲಸದವರಿಗೆ ಹಿಂದಿನ, ಸಾಮಾನು ಸಾಗಿಸುವ ಲಿಫ್ಟು. ಅದು ಯುಗಾದಿಯಿಂದ ಕೆಟ್ಟು ಕೂತಿತ್ತು. ಮುಂದಿನ ಲಿಫ್ಟಿನ ಪಕ್ಕದಲ್ಲಿ ಒಂದು ಬೋರ್ಡು: ಕೆಲಸದವರಿಗೆ ಪ್ರವೇಶವಿಲ್ಲ, ಸೆಕ್ರೆಟರಿ. ಸೆಕ್ರೆಟರಿ ಯಾರು? ವಿಜಯಕುಮಾರ. ಅವನಿಗೆ ರೊಟ್ಟಿ ಬಡಿಯಲು ಇವಳು ನಾಲ್ಕು ಮಹಡಿ ಹತ್ತಬೇಕು. ಐದನೇ ಮಹಡಿಯವರ ನಾಯಿ ದಿನಾ ಲಿಫ್ಟಿನಲ್ಲಿ ಹೋಗುತ್ತಿತ್ತು. ಮೂರನೇ ಮಹಡಿಯ ತಿರುವಿನಲ್ಲಿ ಗೋಡೆ ಹಿಡಿದು ನಿಂತು ಏದುಸಿರು ಬಿಡುವಾಗ ಅವಳಿಗೆ ಆ ನಾಯಿಯ ನೆನಪಾಗುತ್ತಿತ್ತು. ಅದಕ್ಕೂ ಬಸುರಾಗಿತ್ತಂತೆ, ಅದಕ್ಕೂ ಡಾಕ್ಟರ್ ವಿಶ್ರಾಂತಿ ಹೇಳಿದ್ದರಂತೆ. ನಾಯಿ ವಿಶ್ರಾಂತಿ ತೆಗೆದುಕೊಂಡಿತು.

ಒಂದು ದಿನ ಧೈರ್ಯ ಮಾಡಿ, "ಅವ್ವಾರ, ಆ ಲಿಫ್ಟಿನಾಗ ಬರ್ಲೇನ್ರಿ? ಕಾಲು ಭಾಳ ಬಾತಾವು" ಎಂದು ಕೇಳಿದಳು.

"ನನಗೇನು ಅಡ್ಡಿಲ್ಲವಾ. ಆದ್ರ ವಿಜೂನ ರೂಲು. ನಮ್ಮ ಮನಿಯಾಕಿನೇ ಮುರದ್ರ ಮಂದಿ ಏನಂದಾರು?" ಎಂದರು ಉಮಾಬಾಯಿ. ಬಾತ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ತಗ್ಗು ಬಿತ್ತು, ಮೇಲೇಳಲಿಲ್ಲ. "ಮೈ ತುಂಬೇತಿ. ಚಲೋ ಲಕ್ಷಣ" ಎಂದರು.

ನಮ್ಮ ಮನೆಯಾಕಿ ಎಂದದ್ದಕ್ಕೆ ಸುಭದ್ರಾ ಕರಗಿಹೋದಳು. ಲಿಫ್ಟು ಕೇಳಲು ಹೋದವಳು ಸಂಬಂಧ ಸಿಕ್ಕಿತೆಂದು ಕುಣಿಯುತ್ತ ಬಂದಳು. ಕುಣಿಯುತ್ತ ಅಂದರೆ, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು.

ಉಮಾಬಾಯಿಯ ಪ್ರೀತಿ ಸುಳ್ಳಲ್ಲ. ಅದನ್ನು ಹೇಳಲೇಬೇಕು. ತುಪ್ಪ ಕೊಟ್ಟರು, ಅಂಟಿನುಂಡಿ ಕೊಟ್ಟರು. ಇವಳ ತಲೆಗೆ ತಮ್ಮ ಕೈಯಾರೆ ಎಣ್ಣೆ ಹಚ್ಚಿದರು. ಸೊಸೆ ರಶ್ಮಿ ಈಗಲೇ ಮಕ್ಕಳು ಬೇಡ ಅಂದಿದ್ದಳು. ಕೂಡಿಟ್ಟ ಅಜ್ಜಿತನವೆಲ್ಲ ಈ ಹೊಟ್ಟೆಯ ಮೇಲೆ ಬಿತ್ತು. ಎಂಟು ತಿಂಗಳು ತುಂಬಿದಾಗ ಒಂದು ದಿನ ದೇವರ ಜಗಲಿಯಿಂದ ಪುಟ್ಟದೊಂದು ಲಿಂಗ ತೆಗೆದು ತೋರಿಸಿದರು. ವಿಜಯಕುಮಾರ ಹೊಟ್ಟೆಯಲ್ಲಿದ್ದಾಗ ಅವರ ಹೊಟ್ಟೆಗೆ ಕಟ್ಟಿದ್ದು, ಹುಟ್ಟಿದ ಮೇಲೆ ಅವನ ಕೊರಳಿಗೆ ಹಾಕಿದ್ದು.

"ಗರ್ಭದಾಗಿನ ಕೂಸಿಗೂ ಲಿಂಗ ಕಟ್ಟಬೇಕವಾ. ನಿಮ್ಮ ಮನ್ಯಾಗ ಕಟ್ಟಿರಲಿಲ್ಲೇನು? ಅದಕ್ಕ ಎರಡೂ ಹೋದುವು ನೋಡು. ಮುಂದಿನ ಐತಾರ ನಮ್ಮ ಮನ್ಯಾಗ ಶಿವಾನುಭವ ಐತಿ. ಅಯ್ಯನವರು ಹೆಂಗೂ ಬರ್ತಾರ. ನಿನ್ನ ಕುಬಸ, ಲಿಂಗ ಕಟ್ಟೋದು ಎರಡೂ ಮುಗಿಸಿಬಿಡೂಣು."

ಅಂದು ಹೇಳಿಬಿಡಬೇಕಿತ್ತು. ಬಾಯಿ ತೆರೆದಳು. ಕೆಮ್ಮು ಬಂತು. ನಿಜಕ್ಕೂ ಅವಳಿಗೆ ಆ ಲಿಂಗ ಬೇಕಾಗಿತ್ತು. ಯಾರ ದೇವರಾದರೇನು, ಈ ಸಲ ಕೂಸು ಉಳಿಯಲಿ. ದೊಡ್ಡ ಮನೆಯ ದೇವರಿಗೆ ಕೈ ಉದ್ದ ಇರುತ್ತದೆ ಎಂದುಕೊಂಡಳು.

ಐತಾರ ಬಂತು. ಸೀಮಂತದ ಹಸಿರು ಸೀರೆ ಉಡಿಸಿದರು. ಮೊಣಕೈವರೆಗೆ ಹಸಿರು ಬಳೆ ಇಡಿಸಿದರು. ಮೊದಲ ಸಲ ಸುಭದ್ರಾ ಆ ಮನೆಯಲ್ಲಿ ಕುರ್ಚಿಯ ಮೇಲೆ ಕೂತಳು. ಸಿಕಂದರಾಬಾದಿನಿಂದ ಬಂದ ಅಯ್ಯನವರು ಮಂತ್ರ ಹೇಳಿ ಲಿಂಗವನ್ನು ಅರಿವೆಯಲ್ಲಿ ಕಟ್ಟಿ ಅವಳ ಹೊಟ್ಟೆಗೆ ಬಿಗಿದರು. ಬಂದ ಹೆಂಗಸರು ಆರತಿ ಎತ್ತಿದರು. ಕೂಸು ಒಳಗೆ ಒದೆಯಿತು. ಸುಭದ್ರಾಳಿಗೆ ಅಳು ಬಂತು.

ಆರತಿಯ ತಟ್ಟೆ ಕೆಳಗಿಟ್ಟ ಮೇಲೆ ಉಮಾಬಾಯಿ ಅವಳ ಕಿವಿಯಲ್ಲಿ, "ಇನ್ನ ಏಳವಾ. ಶಿವಾನುಭವದ ಮಂದಿ ಬರೋ ಹೊತ್ತಾತು, ಎಸರಿಡು" ಎಂದರು. ಕುಬಸದ ಬಸುರಿ ಕುರ್ಚಿಯಿಂದ ಎದ್ದು, ತನ್ನ ಕುಬಸದ ಊಟಕ್ಕೆ ತಾನೇ ರೊಟ್ಟಿ ಬಡಿಯಲು ಹೋದಳು. ಸೀರೆ ಹೊಸದು ಅಂತ ಮೇಲೊಂದು ಹಳೇ ಟವೆಲು ಸುತ್ತಿಕೊಂಡಳು.

ಬಡಿಯುವ ಸದ್ದು ಕೆಳಗಿನ ಮನೆಯವರಿಗೆ ಆಗಬಾರದೆಂದು ನೆಲದ ಮೇಲೆ ಗೋಣಿಚೀಲ ಮಡಿಸಿ ಹಾಕಿ, ಅದರ ಮೇಲೆ ಹಲಗೆ ಇಟ್ಟು ಕೂರಬೇಕು. ಕೂತು ಬಡಿಯಬೇಕು, ಎದ್ದು ಹಂಚಿಗೆ ಹಾಕಬೇಕು. ಕೂತು, ಎದ್ದು. ಕೂತು, ಎದ್ದು. ಹೊಟ್ಟೆ ತೊಡೆಗೆ ಒತ್ತುತ್ತಿತ್ತು. ಬಳೆ ಹಿಟ್ಟಿಗೆ ತಾಗುತ್ತಿದ್ದವು. ಒಂದು ಬುಟ್ಟಿ ತುಂಬಿತು. ಎರಡನೆಯದು ಅರ್ಧ ಆಗುವಾಗ ತಲೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತಾಯಿತು. ಆಮೇಲೆ ಕಣ್ಣ ಮುಂದೆ ಬೆಳಕಿನ ಚುಕ್ಕಿಗಳು ಬಂದವು. ಸುಭದ್ರಾ ಏನೆಂದುಕೊಂಡಳು? ಲಿಂಗದ ಮಹಿಮೆ ಎಂದುಕೊಂಡಳು. ಡಾಕ್ಟರಮ್ಮ ಹೇಳಿದ್ದ ಮಿಂಚು ಇದೇ ಎಂದು ಹೊಳೆಯುವ ಹೊತ್ತಿಗೆ ಇನ್ನೂ ಹತ್ತು ರೊಟ್ಟಿ ಬಡಿದಿದ್ದಳು. ಒಂದೂ ಸೀಳಿರಲಿಲ್ಲ.

ಬಾಗಿಲಿಗೆ ಬಂದು, "ಅವ್ವಾರ, ತಲಿ ಭಾಳ ಸಿಡಿಯಾಕತ್ತೇತಿ. ಕಣ್ಣಾಗ ಚುಕ್ಕಿ ಕಾಣಾಕತ್ತಾವು. ದವಾಖಾನಿಗೆ ಹೋಗಬೇಕ್ರಿ" ಎಂದಳು.

ಉಮಾಬಾಯಿ ಹೊರಗಿನ ಮಂದಿಯ ಕಡೆ ನೋಡಿದರು, ಬುಟ್ಟಿಯ ಕಡೆ ನೋಡಿದರು. "ಇನ್ನ ಅರ್ಧ ಬುಟ್ಟಿ ಐತೆಲ್ಲವಾ. ಅಷ್ಟು ಮುಗಿಸು. ವಿಜು ಕಾರಿನಾಗ ಬಿಡ್ತಾನ."

ಬೇಡ ಅನ್ನಬೇಕಿತ್ತು. ಆದರೆ ಕಾರು ಅಂದಿದ್ದರಲ್ಲ. ಅರ್ಧ ಬುಟ್ಟಿ ಮುಗಿಸಿದಳು. ಮುಗಿಸಿ ಬರುವಷ್ಟರಲ್ಲಿ ಕಾರು ಅಯ್ಯನವರನ್ನು ಬಿಡಲು ಸಿಕಂದರಾಬಾದಿಗೆ ಹೋಗಿತ್ತು. ಅವಳು ಮೆಟ್ಟಿಲು ಇಳಿದಳು. ಎರಡನೇ ಮಹಡಿಯಲ್ಲಿ ಹೊಟ್ಟೆ ಕಲ್ಲಾಯಿತು. ಕಲ್ಲೆಂದರೆ ಕಲ್ಲೇ, ಮುಟ್ಟಿದರೆ ತಗ್ಗುತ್ತಿರಲಿಲ್ಲ. ಕಾಲಿನ ಗುಂಟ ರಕ್ತ ಬಿಸಿಯಾಗಿ ಇಳಿಯಿತು. ಅಂಬಣ್ಣ ಗೇಟು ಬಿಟ್ಟು ಓಡಿ ಬಂದು ಆಟೋ ಕರೆದ.

ದೊಡ್ಡಾಸ್ಪತ್ರೆಯಲ್ಲಿ ಸಲೈನಿನ ಸೂಜಿ ಚುಚ್ಚಲು ಜಾಗ ಇರಲಿಲ್ಲ, ಅಷ್ಟು ಬಳೆ. ನರ್ಸು ಬೈಯುತ್ತ ಸೋಪು ಹಚ್ಚಿ ಒಂದೊಂದೇ ಎಳೆದಳು. ಕೆಲವು ಒಡೆದವು. ಹೊಟ್ಟೆಯ ಮೇಲೆ ಯಂತ್ರ ಇಟ್ಟು ಬಹಳ ಹೊತ್ತು ಹುಡುಕಿದರು. ಕೂಸಿನ ಎದೆಯ ಸದ್ದು ಸಿಗಲಿಲ್ಲ. ಇಷ್ಟು ತಡ ಯಾಕೆ ಮಾಡಿದೆ ಎಂದು ಡಾಕ್ಟರ್ ಕೇಳಿದರು. ರೊಟ್ಟಿ ಇತ್ತು ಎಂದು ಹೇಳಲು ನಾಚಿಕೆಯಾಯಿತು. ಸತ್ತ ಕೂಸನ್ನು ಹೆರುವುದಕ್ಕೂ ಅಷ್ಟೇ ನೋವು, ಅಷ್ಟೇ ತಿಣುಕುವುದು. ಅದರಲ್ಲಿ ರಿಯಾಯಿತಿ ಇಲ್ಲ. ಹೆಣ್ಣುಕೂಸು. ತಲೆ ತುಂಬ ಕೂದಲು. ಸುಭದ್ರಾ ಅದರ ಬೆರಳು ನೋಡಿದಳು. ಉದ್ದ ಬೆರಳು, ರೊಟ್ಟಿ ಬಡಿಯುವ ಕೈ. ಅಲ್ಲಿಯವರೆಗೂ ತಡೆದವಳು ಅಲ್ಲಿ ಬಾಯಿಬಿಟ್ಟು ಅತ್ತಳು.

ಅವಳ ಹೊಟ್ಟೆಯಿಂದ ಬಿಚ್ಚಿದ ಲಿಂಗವನ್ನು ನರ್ಸು ಅಂಬಣ್ಣನ ಕೈಗೆ ಕೊಟ್ಟಿದ್ದಳು. ಅವನಿಗೆ ಏನು ತಿಳಿಯಬೇಕು? ಕೂಸಿನದು ಕೂಸಿಗೆ ಎಂದು ಅದರ ಕೊರಳಿಗೆ ಕಟ್ಟಿದ. ಫೋನಿನಲ್ಲಿ ಸುದ್ದಿ ಕೇಳಿ ಉಮಾಬಾಯಿ ಅತ್ತರು. "ಲಿಂಗ ಆದ ಕೂಸು. ಎಲ್ಲೆಲ್ಲೋ ಹುಗಿಯೂದು ಬ್ಯಾಡ. ನಮ್ಮ ಸಮಾಜದ ರುದ್ರಭೂಮಿಯಾಗ ಜಾಗ ಕೊಡಸ್ತೀನಿ" ಎಂದರು. ಮರುದಿನ ವಿಜಯಕುಮಾರ ತಾನೇ ಕಾರು ತಂದ. ಅಂಬಣ್ಣ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಹೋದ.

ಅಲ್ಲಿ ನಡೆದದ್ದನ್ನು ಅವನು ಸುಭದ್ರಾಳಿಗೆ ಹೇಳಿದ್ದು ಎರಡು ದಿನದ ಮೇಲೆ, ಆಸ್ಪತ್ರೆಯ ಮಂಚದ ಕಬ್ಬಿಣ ಹಿಡಿದುಕೊಂಡು. ಹುಗಿಯಲು ಕುಣಿ ತೋಡಿಯಾಗಿತ್ತು. ಹೂವು ತಂದಿದ್ದರು. ಅದೇ ಅಯ್ಯನವರು ಬಂದಿದ್ದರು. "ತಂದಿ ಯಾರು? ನಿನ್ನ ಲಿಂಗ ತೆಗಿ, ಎಡಗೈಯಾಗ ಹಿಡಿ" ಎಂದರು. ಅಂಬಣ್ಣ ನಿಂತೇ ಇದ್ದ. ಅಯ್ಯನವರು, ಪಾಪ ದುಃಖದಲ್ಲಿದ್ದಾನೆ ಎಂದು ತಾವೇ ಅವನ ಕರಡಿಗೆ ಬಿಚ್ಚಿದರು. ಅರಿವೆ ಬಿಡಿಸಿದರು.

"ಏನಂದ್ರು?" ಎಂದು ಸುಭದ್ರಾ ಕೇಳಿದಳು.

"ಮೂಸಿ ನೋಡಿದ್ರು" ಎಂದ ಅಂಬಣ್ಣ.

ಸುಭದ್ರಾಳಿಗೆ ನಗು ಬಂತು. ಹೊಲಿಗೆ ಹರಿಯುವ ಹಾಗೆ ನಗು. ಪಕ್ಕದ ಮಂಚದ ಬಾಣಂತಿ ಹೆದರಿ ನೋಡಿದಳು. ಎರಡೂವರೆ ವರ್ಷದ ಲಿಂಗಾಯತತನ ಒಂದು ಜಾಜಿಕಾಯಿಯಿಂದ ಕೊನೆಯಾಯಿತು. ನಗುವಾಗಲೇ ಎದೆಯಿಂದ ಹಾಲು ಸೋರಿ ರವಿಕೆ ತೊಯ್ದಿತು. ಅದಕ್ಕೆ ಕುಡಿಯುವವರಿಲ್ಲವೆಂದು ಯಾರೂ ಹೇಳಿರಲಿಲ್ಲ. ನರ್ಸು ಬಂದು ಎದೆಗೆ ಬಿಗಿಯಾಗಿ ಬಟ್ಟೆ ಕಟ್ಟಿದಳು.

"ನೀವು ಯಾವ ಪೈಕಿ ಅಂತ ಕೇಳಿದ್ರು. ಹೇಳಿದೆ. ತೋಡಿದ ಕುಣಿ ಮುಚ್ಚಿದ್ರು. ನಮ್ಮ ಕೂಸು ನನ್ನ ಕೈಯಾಗೇ ಇತ್ತು, ಖಾಲಿ ಕುಣಿ ಮುಚ್ಚಿದ್ರು. ಕೂಸಿನ ಕೊಳ್ಳಾಗಿನ ಲಿಂಗ ಯಾರೂ ಮುಟ್ಟಲಿಲ್ಲ. ವಿಜಯಕುಮಾರ ಸಾಹೇಬ್ರು ಕಾರು ತೊಗೊಂಡು ಹೋದ್ರು" ಎಂದ ಅಂಬಣ್ಣ. ಅವನು ಷೇರ್ ಆಟೋ ಹತ್ತಿದನಂತೆ. ಪಕ್ಕದಲ್ಲಿ ಕೂತ ಮುದುಕಿ, ಕೂಸು ಮಲಗಿದೆಯಾ ಎಂದು ಕೇಳಿದಳಂತೆ. ಹೌದು ಎಂದನಂತೆ. ಮಣಿಕೊಂಡದ ಆಚೆ, ಕೆರೆಯ ದಂಡೆಗೆ ಬಡವರ ಬಸ್ತಿಯವರದೊಂದು ಸ್ಮಶಾನ. ಅಲ್ಲಿ ಹೋಗಿ ನಿಂತ. "ಎವರು ಮೀರು?" ಎಂದು ಕೇಳಿದರು, ನೀವು ಯಾರು ಅಂತ. ಈ ಸಲ ಸೀದಾ ಹೇಳಿದ. ಅವರು ಒಂದು ಮಾತಾಡದೆ ಸಲಿಕೆ ತಂದು, ತಾವೂ ಕೈ ಹಚ್ಚಿದರು. ಜಾತಿ ಹೇಳಿದ್ದಕ್ಕೆ ಲಾಭವಾದದ್ದು ಅವರ ಬಾಳಿನಲ್ಲಿ ಅದೇ ಮೊದಲು.

ಆಸ್ಪತ್ರೆಯಿಂದ ಬಂದ ಮೇಲೆ ಯಾರೂ ಏನೂ ಅನ್ನಲಿಲ್ಲ. ಕೋಣೆಯಿಂದ ಎಬ್ಬಿಸಲಿಲ್ಲ. ನಾಲ್ಕನೇ ಮಹಡಿಯಿಂದ ಸುಭದ್ರಾಳ ರೊಟ್ಟಿಯ ಹಲಗೆ, ಹಂಚು, ಟವೆಲು ಒಂದು ಚೀಲದಲ್ಲಿ ಕೆಳಗೆ ಬಂದವು. ಅವಳು ಮುಟ್ಟಿದ ಹಿಟ್ಟಿನ ಡಬ್ಬಿಯೂ ಬಂತು, ಹಿಟ್ಟಿನ ಸಮೇತ. ಒಳ್ಳೆಯ ಹಿಟ್ಟು. ಅದರಲ್ಲೇ ಒಂದು ವಾರ ಊಟ ನಡೆಯಿತು.

ತಿಂಗಳು ಕಳೆದಿರಬಹುದು. ಒಂದು ಮಧ್ಯಾಹ್ನ ಉಮಾಬಾಯಿ ಮಗನನ್ನು ಕರೆದುಕೊಂಡು ಸೆಲ್ಲಾರಿಗೆ ಬಂದರು. ಬಾಗಿಲ ಹೊರಗೇ ನಿಂತರು. ಮುಖ ಇಳಿದಿತ್ತು.

"ರಶ್ಮಿಗೆ ಆಗೇತಿ" ಎಂದರು.

"ಚಲೋ ಆತ್ರಿ ಅವ್ವಾರ" ಎಂದಳು ಸುಭದ್ರಾ. ಮನಸ್ಸಿನಿಂದಲೇ ಅಂದಳು.

"ಆ ಲಿಂಗ ನನಗ ಬೇಕು. ನಮ್ಮ ಮನೆತನದ್ದು. ಅದು ಅಲ್ಲಿ ಇರೋ ತನಕ ಈ ಬಸುರು ನಿಲ್ಲಂಗಿಲ್ಲ ಅಂದ್ರು ಅಯ್ಯನವರು. ತೆಗೆದು ಶುದ್ಧಿ ಮಾಡಬೇಕಂತ."

ಸುಭದ್ರಾಳಿಗೆ ಮೊದಲು ಅರ್ಥವಾಗಲಿಲ್ಲ. ಕೂಸಿನ ಕುಣಿ ತೋಡಬೇಕು ಎನ್ನುತ್ತಿದ್ದರು.

ವಿಜಯಕುಮಾರ ಮುಂದಿನದನ್ನು ಬೇಗ ಬೇಗ ಹೇಳಿದ. ಅವನಿಗೂ ಅಲ್ಲಿ ನಿಲ್ಲುವುದು ಬೇಡವಾಗಿತ್ತು. ಅಂಬಣ್ಣ ಅದನ್ನು ತೆಗೆದುಕೊಟ್ಟರೆ ಹಳೆಯದೆಲ್ಲ ಮರೆತಂತೆ. ಕೋಣೆ ಇರುತ್ತದೆ, ಕೆಲಸ ಇರುತ್ತದೆ. ಸುಭದ್ರಾಳಿಗೂ ಕೆಲಸ ಕೊಡುತ್ತಾರೆ, ಅಷ್ಟೇ ಸಂಬಳ. ಅಡುಗೆ ಮಾತ್ರ ಬೇಡ, ಬಚ್ಚಲು ತೊಳೆದರೆ ಸಾಕು. ಇಲ್ಲದಿದ್ದರೆ ಸಂಘದವರು ಕೇಳುತ್ತಿದ್ದಾರೆ, ತನ್ನ ಕೈಯಲ್ಲಿಲ್ಲ.

ಅಂಬಣ್ಣ ಗಿಡಗಳ ಮಡಿ ಮಾಡುವ ಸಲಿಕೆ ತಂದ. ಅವನ ಕಣ್ಣು ನೆಲದಲ್ಲಿತ್ತು. "ಹೋಗಿ ಬಂದ್ಬಿಡ್ತೀನಿ. ನೀ ಇಲ್ಲೇ ಇರು" ಎಂದ.

"ನಾನೂ ಬರ್ತೀನಿ" ಎಂದಳು ಸುಭದ್ರಾ.

ಕಾರಿನ ಹಿಂದಿನ ಸೀಟಿಗೆ ಗೋಣಿಚೀಲ ಹಾಸಿದ್ದರು. ಇಬ್ಬರೂ ಅದರ ಮೇಲೆ ಕೂತರು. ಮೆತ್ತನೆಯ ಕಾರು, ಒಳಗೆ ತಣ್ಣಗಿತ್ತು. ಅಂದು ಹೊಟ್ಟೆಯಲ್ಲಿ ಜೀವ ಇದ್ದಾಗ ಈ ಕಾರಿಗಾಗಿ ಅರ್ಧ ಬುಟ್ಟಿ ರೊಟ್ಟಿ ಬಡಿದಿದ್ದಳು. ಇವತ್ತು ಒಂದು ರೊಟ್ಟಿಯನ್ನೂ ಕೇಳದೆ ಬಾಗಿಲು ತೆರೆದಿದ್ದರು. ಆಸ್ಪತ್ರೆಗೆ ಸಿಗದ ಕಾರು ಸ್ಮಶಾನಕ್ಕೆ ಸಿಕ್ಕಿತು. ಮೂರ್ಖಳೇ, ನೀನು ಹೋಗಬೇಕಾದ ಜಾಗದ ಹೆಸರು ತಪ್ಪು ಹೇಳಿದ್ದಿ, ಎಂದು ತನಗೆ ತಾನೇ ಹೇಳಿಕೊಂಡಳು.

ಅವಳು ಆ ಜಾಗ ನೋಡುವುದು ಅದೇ ಮೊದಲು. ಹುಲ್ಲು ಚಿಗುರಿದ ಸಣ್ಣ ಗುಡ್ಡೆ, ತಲೆಯ ಕಡೆ ಒಂದು ಕಲ್ಲು. ಇಷ್ಟೇ ಇಷ್ಟು. ಅಂಬಣ್ಣ ಸಲಿಕೆ ಎತ್ತಿದ.

"ನಿಲ್ರಿ" ಎಂದಳು ಸುಭದ್ರಾ.

ಅವನ ಕೈಯಿಂದ ಸಲಿಕೆ ತೆಗೆದು ಉಮಾಬಾಯಿಯ ಮುಂದೆ ಹಿಡಿದಳು.

"ತೊಗೋರಿ ಅವ್ವಾರ. ಲಿಂಗ ನಿಮ್ಮದು, ನೀವೇ ತೆಗೀರಿ. ಭಾಳ ಆಳ ಇಲ್ಲ. ನನ್ನ ಮಗಳ ಕೊಳ್ಳಾಗ ಐತಿ. ಗಂಟು ಬಿಚ್ಚಾಕ ಕೂಸಿನ ತಲಿ ಎತ್ತಿ ಹಿಡೀಬೇಕು. ಹಿಡೀರಿ."

"ಅವರಿಗ್ಯಾಕ ಕೊಡ್ತಿ? ನಿನ್ನ ಗಂಡ ತೆಗೀತಾನ" ಎಂದ ವಿಜಯಕುಮಾರ.

"ನನ್ನ ಗಂಡ ತೆಗಿಯಂಗಿಲ್ರಿ. ನಿಮ್ಮ ಕೈಲೆ ತೆಗೀರಿ. ಇಲ್ಲಾಂದ್ರ ಅಲ್ಲೇ ಇರ್ಲಿ."

"ಕೋಣಿ ಖಾಲಿ ಮಾಡಬೇಕಾಗ್ತೈತಿ."

"ಮಾಡ್ತೀವ್ರಿ. ಸಾಮಾನು ಭಾಳ ಇಲ್ಲ."

ಉಮಾಬಾಯಿ ಸುಭದ್ರಾಳ ಕಡೆ ತಿರುಗಿದರು. "ನಾ ನಿನಗ ಮಗಳ ಹಂಗ ಮಾಡಿದ್ನಿ. ಮೋಸ ಮಾಡಿದಿ ನೀ. ಸುಳ್ಳು ಹೇಳಿದಿ."

"ಹೇಳೀನ್ರಿ. ಸುಳ್ಳು ಹೇಳಿದಾಕಿ ನಾ, ಲಿಂಗ ಕಟ್ಟಿದವರು ನೀವು. ಕೂಸು ಏನ್ ಮಾಡೇತ್ರಿ? ಮಗಳ ಹಂಗ ಮಾಡಿದ್ರಿ ಖರೆ. ಮಗಳು ಕಣ್ಣಾಗ ಚುಕ್ಕಿ ಕಾಣಾಕತ್ತಾವು ಅಂದ್ರ ಅರ್ಧ ಬುಟ್ಟಿ ಮುಗಿಸು ಅಂತಿದ್ರೇನ್ರಿ? ಆವಾಗ ನಾ ನಿಮ್ಮ ಪೈಕಿನೇ ಇದ್ದೆ." ಅವಳ ದನಿ ಏರಲಿಲ್ಲ. "ಎರಡೂವರೆ ವರ್ಷ ನನ್ನ ಕೈಯಾಗಿಂದು ಉಂಡೀರಿ. ಅದನ್ನೂ ತೋಡಿ ತೆಗಸ್ತೀರೇನ್ರಿ?"

ಉಮಾಬಾಯಿಯ ಕೈ ಒಂದು ಸಲ ಸಲಿಕೆಯ ಕಡೆಗೆ ಬಂತು. ಅವರಿಗೂ ಮೊಮ್ಮಗುವಿನ ಆಸೆ ಇತ್ತು. ಸುಭದ್ರಾ ಅದನ್ನು ಕಂಡಳು. ಆ ಕೈ ಮುಟ್ಟಿದ್ದರೆ ಏನು ಮಾಡುತ್ತಿದ್ದಳೋ ಅವಳಿಗೂ ಗೊತ್ತಿಲ್ಲ, ಬಹುಶಃ ತಾನೇ ಕಾಲಿಗೆ ಬೀಳುತ್ತಿದ್ದಳು. ಅಷ್ಟು ಹೇಡಿತನ ಅವಳಲ್ಲಿ ಇನ್ನೂ ಇತ್ತು. ಕೈ ಗುಡ್ಡೆಯ ಮೇಲೆ ಹೋಗಿ ನಿಂತಿತು, ಸೆರಗಿನೊಳಗೆ ವಾಪಸ್ಸು ಹೋಯಿತು. ವಿಜಯಕುಮಾರ ತಾಯಿಯನ್ನು ಹಿಡಿದು ಕಾರಿಗೆ ಹತ್ತಿಸಿದ.

ಕಾರು ಹೋದ ಮೇಲೆ ಸುಭದ್ರಾ ಗುಡ್ಡೆಯ ಪಕ್ಕ ಕೂತಳು. ಅಂಬಣ್ಣ ತನ್ನ ಕೊರಳ ಕರಡಿಗೆಯನ್ನು ಹಿಡಿದು ತೋರಿಸಿ, "ಇದು?" ಎಂದ. ಅವನು ಇನ್ನೂ ಅದನ್ನು ಹಾಕಿಕೊಂಡೇ ಇದ್ದ. ಅಭ್ಯಾಸ.

ಅವಳು ಬಿಚ್ಚಿ ಜಾಜಿಕಾಯಿ ತೆಗೆದಳು. ಎರಡೂವರೆ ವರ್ಷ ವಿಭೂತಿ ತಿಂದೂ ಅದರ ವಾಸನೆ ಹೋಗಿರಲಿಲ್ಲ. ಬೆರಳಿನಿಂದ ಮಣ್ಣು ಕೆದರಿ ಕೂಸಿನ ತಲೆಯ ಹತ್ತಿರ ಅದನ್ನು ಒತ್ತಿದಳು. "ನಿನಗಂತನೇ ತಂದಿದ್ನೆವಾ. ಕೊಡೋದು ತಡ ಆತು" ಎಂದಳು. ಆಮೇಲೆ ಇಬ್ಬರೂ ನಡೆದು ವಾಪಸ್ಸು ಬಂದರು. ಸಲಿಕೆ ಸಂಘದ್ದು, ಕೊಡಬೇಕಿತ್ತು.

ಅಂಬಣ್ಣ ಸಾಮಾನು ಕಟ್ಟಲು ಕೋಣೆಗೆ ಹೋದ. ಸುಭದ್ರಾ ಸಲಿಕೆ ಹಿಡಿದು ಮುಂದಿನ ಲಿಫ್ಟಿನ ಮುಂದೆ ನಿಂತಳು. ಮಣ್ಣಿನ ಬೆರಳಿನಿಂದ ಗುಂಡಿ ಒತ್ತಿದಳು. ಒಳಗೆ ಕನ್ನಡಿ ಇತ್ತು. ಇಷ್ಟು ದಿನ ಆ ಕಟ್ಟಡದಲ್ಲಿದ್ದು ಅದರೊಳಗೆ ಕನ್ನಡಿ ಇದೆಯೆಂದು ಅವಳಿಗೆ ಗೊತ್ತಿರಲಿಲ್ಲ. ಬರಿಯ ಹಣೆ, ಕೆದರಿದ ಕೂದಲು, ಹೆಗಲಿಗೆ ಸಲಿಕೆ. ಚೆನ್ನಾಗಿಯೇ ಕಾಣುತ್ತಿದ್ದಳು. ಉಸಿರು ಬಿಡುವಷ್ಟರಲ್ಲಿ ನಾಲ್ಕನೇ ಮಹಡಿ ಬಂದೇ ಬಿಟ್ಟಿತು. ಇಷ್ಟರಲ್ಲೇ ಇತ್ತೇ ನನ್ನ ಮಗಳ ಜೀವ ಎನಿಸಿತು.

ಬಾಗಿಲು ತೆರೆದದ್ದು ರಶ್ಮಿ. ಒಂದು ಕೈ ಹೊಟ್ಟೆಯ ಮೇಲಿತ್ತು. ಸಲಿಕೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು. ಸುಭದ್ರಾ ಅದನ್ನು ಹೊಸ್ತಿಲಿನ ಆಚೆ ಗೋಡೆಗೆ ಆನಿಸಿದಳು.

"ಅಕ್ಕಾರ, ಬಿಪಿ ತೋರಿಸ್ಕೋತ ಇರ್ರಿ. ಕಣ್ಣಾಗ ಚುಕ್ಕಿ ಕಂಡ್ರ ಯಾರ ಮಾತೂ ಕೇಳಬ್ಯಾಡ್ರಿ, ಮೊದಲ ದವಾಖಾನಿಗೆ ಓಡ್ರಿ" ಎಂದಳು. ಲಿಫ್ಟಿನ ಕಡೆ ತಿರುಗಿದವಳು ಮತ್ತೆ ನಿಂತು, "ಅವ್ವಾರು ಮೊದಲನೇ ದಿನ ಇಲ್ಲೇ ನಿಂತು ಒಂದು ಮಾತು ಕೇಳಿದ್ರು. ಅಲ್ಲಾ ಅಂತ ಹೇಳ್ರಿ. ನಾನು ನಿಮ್ಮ ಪೈಕಿ ಅಲ್ಲ" ಎಂದಳು.

ಮತ್ತೆ ಲಿಫ್ಟಿನಲ್ಲೇ ಕೆಳಗಿಳಿದಳು.